ಸೂಜಿ ಹಾಕುವುದನ್ನು ಕಲಿಯಲು ನಾಲ್ಕು ವರ್ಷ ಬೇಕೇ?

ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ವೈದ್ಯರ ಬಳಿಗೆ ಬರುವವರು ಕಾಯಿಲೆಯನ್ನಷ್ಟೇ ತರುವುದಿಲ್ಲ, ಮಕ್ಕಳ ಅಂಕಪಟ್ಟಿಯನ್ನೂ ತರುತ್ತಾರೆ. ಶ್ರೀನಿವಾಸಪುರದ ಕಡೆಯಿಂದ ರಕ್ತದೊತ್ತಡ ತೋರಿಸಲು ಬಂದಿದ್ದ ತಾಯಿಯೊಬ್ಬರು ಮಗಳನ್ನು ಮುಂದಕ್ಕೆ ಕರೆದು ಹೇಳಿದರು: "ಇವಳು ನರ್ಸಿಂಗ್ ಸೇರ್ತೀನಿ ಅಂತ ಹಟ ಹಿಡಿದಿದಾಳೆ ಸಾರ್. ಬಿ.ಎಸ್ಸಿ. ಅಂತೆ, ನಾಲ್ಕು ವರ್ಷ ಅಂತೆ. ಸೂಜಿ ಹಾಕೋದು ಕಲಿಯೋಕೆ ನಾಲ್ಕು ವರ್ಷ ಬೇಕಾ? ನಮ್ಮೂರಲ್ಲಿ ಒಬ್ಬ ಮೂರು ತಿಂಗಳು ಕಾಂಪೌಂಡರ್ ಹತ್ರ ಇದ್ದು ಕಲ್ತುಬಿಟ್ಟ."

ಮಾವಿನ ತೋಪಿನ ಗುತ್ತಿಗೆ ಹಣದಲ್ಲಿ ಫೀಸು ಕಟ್ಟಬೇಕು, ಹಿಂದೆ ತಮ್ಮನೊಬ್ಬನ ಓದು ಇದೆ. ಹಾಗಾಗಿ ಆಕೆಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಇಂಥದೇ ಪ್ರಶ್ನೆ ಮಾಲೂರು, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಇರಬಹುದಾದ್ದರಿಂದ ಈ ವಾರ ಅದನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಸೂಜಿಯ ವಿಷಯವನ್ನೇ ನೋಡೋಣ. ಪಿರ್ರೆಯ ಒಳಗೆ ಸಯಾಟಿಕ್ ಎಂಬ ನರ ಹಾದುಹೋಗುತ್ತದೆ. ಇದು ದೇಹದ ಅತ್ಯಂತ ದಪ್ಪ ನರ. ತಪ್ಪಾದ ಜಾಗದಲ್ಲಿ ಸೂಜಿ ಚುಚ್ಚಿ ಅದಕ್ಕೆ ಪೆಟ್ಟಾದರೆ ರೋಗಿಗೆ ಪಾದ ಎತ್ತಿ ನಡೆಯಲಾಗದ ಸ್ಥಿತಿ ಬರಬಹುದು. ಜ್ವರಕ್ಕೆಂದು ಸೂಜಿ ಹಾಕಿಸಿಕೊಂಡು ಕಾಲು ಎಳೆಯುತ್ತಾ ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. ಹಸುಗೂಸಿಗೆ ತೊಡೆಯ ಹೊರಮಗ್ಗುಲೇ ಏಕೆ, ಇನ್ಸುಲಿನ್ ಸ್ನಾಯುವಿಗೆ ಹೋಗದೆ ಚರ್ಮದ ಕೆಳಗೇ ಉಳಿಯಬೇಕು ಏಕೆ, ಪೊಟ್ಯಾಸಿಯಂ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು ಏಕೆ? ಚುಚ್ಚುವ ಕೈಚಳಕ ಮೂರು ತಿಂಗಳಲ್ಲಿ ಬಂದೀತು. ಈ 'ಏಕೆ'ಗಳಿಗೆ ಉತ್ತರ ತಿಳಿಯಲು ಅಂಗರಚನಾ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ, ಔಷಧ ಶಾಸ್ತ್ರ ಮೂರೂ ಬೇಕು.

ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಂತೆ ಬಿ.ಎಸ್ಸಿ. ನರ್ಸಿಂಗ್ ಎಂಟು ಸೆಮಿಸ್ಟರುಗಳ ಓದು. ಮೊದಲ ಸೆಮಿಸ್ಟರಿನಲ್ಲಿ ಅಂಗರಚನೆ ಮತ್ತು ಶರೀರಕ್ರಿಯೆಯ ಜೊತೆಗೆ ಇಂಗ್ಲಿಷ್, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮತ್ತು ಶುಶ್ರೂಷೆಯ ಮೂಲಪಾಠಗಳಿರುತ್ತವೆ. ನರ್ಸಿಗೆ ಸಮಾಜಶಾಸ್ತ್ರವೇಕೆ ಎಂದು ವಿದ್ಯಾರ್ಥಿಗಳೇ ಗೊಣಗುವುದುಂಟು. ರಕ್ತಹೀನತೆಯಿರುವ ಬಸುರಿಗೆ ಸೊಪ್ಪು, ಕಾಳು ತಿನ್ನಿ ಎಂದು ಹೇಳುವುದು ಸುಲಭ. ಆದರೆ ಆ ಮನೆಯಲ್ಲಿ ಕೊನೆಗೆ ಉಣ್ಣುವವಳು ಅವಳೇ ಆಗಿದ್ದರೆ ಸೊಪ್ಪು ಅವಳ ತಟ್ಟೆಗೆ ಬರುವುದೆಷ್ಟು? ಅತ್ತೆಯನ್ನೂ ಕೂರಿಸಿಕೊಂಡು ಮಾತನಾಡಬೇಕೆಂಬ ಅರಿವು ಈ ಪಾಠದಿಂದಲೇ ಬರಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಅದು ದೇಹಕ್ಕೆ ಸರಿಯಾಗಿ ಸೇರದು ಎಂಬುದು ಎರಡನೆಯ ಸೆಮಿಸ್ಟರಿನ ಪೋಷಣಾ ಶಾಸ್ತ್ರ. ಜೀವರಸಾಯನ ಶಾಸ್ತ್ರ ಮತ್ತು ಕಂಪ್ಯೂಟರ್ ಬಳಕೆಯ ಪಾಠಗಳೂ ಅದೇ ಸೆಮಿಸ್ಟರಿನಲ್ಲಿ ಬರುತ್ತವೆ.

ಮೂಲಪಾಠ ಎಂದರೆ ಹಾಸಿಗೆ ಹಾಸುವುದು, ಮೈ ಒರೆಸುವುದು ಎಂದು ಕೆಲವರು ಹಗುರವಾಗಿ ಮಾತನಾಡುತ್ತಾರೆ. ಪಾರ್ಶ್ವವಾಯು ಬಡಿದು ಮಲಗಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ ಹುಣ್ಣಾಗಿ, ನಂಜೇರಿ ಪ್ರಾಣಕ್ಕೇ ಅಪಾಯ ಬರಬಹುದು. ಉಸಿರಿನ ಎಣಿಕೆಯನ್ನೂ ನೋಡಿ. ದೊಡ್ಡವರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಎಣಿಸುತ್ತಿದ್ದೇವೆಂದು ರೋಗಿಗೆ ಗೊತ್ತಾದರೆ ಉಸಿರಾಟದ ರೀತಿಯೇ ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದುಕೊಂಡೇ, ಕಣ್ಣನ್ನು ಎದೆಯ ಮೇಲಿಟ್ಟು, ಒಂದು ಪೂರ್ತಿ ನಿಮಿಷ ಎಣಿಸಬೇಕೆಂದು ಕಲಿಸುತ್ತಾರೆ. ಬೆಳಿಗ್ಗೆ 18 ಇದ್ದದ್ದು ಸಂಜೆಗೆ 28 ಆದರೆ ರೋಗಿ "ಚೆನ್ನಾಗಿದ್ದೀನಿ" ಎಂದರೂ ಒಳಗೇನೋ ಕೆಡುತ್ತಿದೆ ಎಂದೇ ತಿಳಿಯಬೇಕು. ವೈದ್ಯರು ವಾರ್ಡಿಗೆ ದಿನಕ್ಕೆ ಒಂದೆರಡು ಸಲ ಬಂದು ಹೋಗುತ್ತಾರೆ, ಉಳಿದ ಹೊತ್ತು ರೋಗಿಯನ್ನು ಕಾಣುವವರು ನರ್ಸುಗಳೇ. ನನ್ನ ಎಷ್ಟೋ ರೋಗಿಗಳು ಬದುಕಿದ್ದು ರಾತ್ರಿ ಎರಡು ಗಂಟೆಗೆ ಯಾರೋ ಒಬ್ಬ ಸಿಸ್ಟರ್ ಈ ಅಂಕಿಯನ್ನು ಗಮನಿಸಿ ನನ್ನನ್ನು ಎಬ್ಬಿಸಿದ್ದರಿಂದ.

ಗಣಿತವೂ ಉಂಟು. 500 ಮಿ.ಲೀ. ಬಾಟಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕು, ಕೊಳವೆ ಮಿ.ಲೀ.ಗೆ 20 ಹನಿ ಬೀಳಿಸುವಂಥದು ಎಂದುಕೊಳ್ಳಿ. ಒಟ್ಟು 10,000 ಹನಿ, 240 ನಿಮಿಷ, ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಬೇಗ ಮುಗಿದರೆ ಮನೆಗೆ ಹೋಗಬಹುದೆಂದು ರೋಗಿಯ ಕಡೆಯವರು ತಾವೇ ಚಕ್ರ ತಿರುಗಿಸುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೃದಯ ದುರ್ಬಲವಾಗಿರುವವರಿಗೆ ಆ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ.

ಎರಡನೆಯ ವರ್ಷ ಸೂಕ್ಷ್ಮಜೀವಿ ಶಾಸ್ತ್ರ, ರೋಗಶಾಸ್ತ್ರ, ಔಷಧ ಶಾಸ್ತ್ರ ಮತ್ತು ವಯಸ್ಕರ ಶುಶ್ರೂಷೆ. ವಾರ್ಡಿನ ನಿಜವಾದ ಕೆಲಸ ಇಲ್ಲಿ ತೂಕ ಪಡೆಯುತ್ತದೆ. ನಮ್ಮ ಜಿಲ್ಲೆಯ ವಾರ್ಡೇ ಒಂದು ಪಠ್ಯಪುಸ್ತಕ. ಟೊಮೆಟೊ ತೋಟದಲ್ಲಿ ಔಷಧಿ ಹೊಡೆಯುವಾಗ ವಿಷ ತಗಲಿದವರು, ಅದನ್ನೇ ಕುಡಿದವರು ಬರುತ್ತಾರೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದು. ಇಂಥ ರೋಗಿಯ ಬಟ್ಟೆ ಕಳಚಿ ಮೈ ತೊಳೆಯಬೇಕು, ತೊಳೆಯುವವರು ಕೈಗವಸು ಹಾಕಿರಬೇಕು. ಅಟ್ರೋಪಿನ್ ಕೊಡುತ್ತಾ ನಾಡಿ, ಉಸಿರು, ಕಣ್ಣಿನ ಪಾಪೆಗಳನ್ನು ಮತ್ತೆ ಮತ್ತೆ ನೋಡಿ ಬರೆದಿಡಬೇಕು.

ಹಾವು ಕಡಿದವರೂ ಹೊಲಗಳಿಂದ ಬರುತ್ತಾರೆ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ರೋಗಿಯ ಸ್ವಲ್ಪ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟಿರದಿದ್ದರೆ ಮಂಡಲದ ಹಾವಿನಂಥ ವಿಷ ಏರಿರುವ ಸೂಚನೆ. ಕಣ್ಣಿನ ರೆಪ್ಪೆ ಜೋಲುತ್ತಿದ್ದರೆ ನಾಗರ ಅಥವಾ ಕಟ್ಟುಹಾವು. ಯಂತ್ರವೇನೂ ಬೇಡದ ಈ ಪರೀಕ್ಷೆಗೆ ಗಡಿಯಾರ ನೋಡುವ ತಾಳ್ಮೆ ಇರುವವರು ಬೇಕು, ಅಷ್ಟೆ. (ಮನೆಯವರು ಮಾಡಬೇಕಾದದ್ದು: ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಡಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಕರೆತನ್ನಿ.)

ಮೂರನೆಯ ವರ್ಷ ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಜೊತೆಗೆ ಕಾನೂನು ಮತ್ತು ಆಡಳಿತದ ಪಾಠಗಳು. ಸಮುದಾಯ ಆರೋಗ್ಯಕ್ಕಾಗಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಮನೆಮನೆ ಸಮೀಕ್ಷೆ ಮಾಡುತ್ತಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಆಳದ ಕೊಳವೆಬಾವಿಗಳೇ ಆಧಾರ, ಅನೇಕ ಕಡೆ ಅವುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆಯೂ 1.5 ದಾಟಬಾರದು ಎಂಬುದು ಭಾರತೀಯ ಮಾನಕ. ಶಾಲೆಯ ಮಕ್ಕಳ ಹಲ್ಲಿನ ಮೇಲಿನ ಕಂದುಗೆರೆ, ಹಿರಿಯರ ಬಗ್ಗದ ಬೆನ್ನು, ಇವು ಹುಡುಗಿಯರು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬರುವ ಸಂಗತಿಗಳು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ ಎಂದು ಮನೆಯವರಿಗೆ ತಿಳಿಸಬೇಕಾದವರೂ ಇವರೇ. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಮನೆಗಳಲ್ಲಿ ಇದನ್ನು ತೆಲುಗಿನಲ್ಲಿ ಹೇಳಬೇಕಾಗುತ್ತದೆ. ಪುಸ್ತಕ, ಪರೀಕ್ಷೆ ಇಂಗ್ಲಿಷಿನಲ್ಲಿ, ರೋಗಿ ಕನ್ನಡ, ತೆಲುಗಿನಲ್ಲಿ! ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಆರು ತಿಂಗಳು ಕಷ್ಟವೇ. ಆದರೆ ಹಳ್ಳಿಗೆ ಹೋದ ದಿನ ಅವರೇ ಎಲ್ಲರಿಗಿಂತ ಮುಂದೆ.

ಹೆರಿಗೆ ಶುಶ್ರೂಷೆ ಆರು ಮತ್ತು ಏಳನೆಯ ಸೆಮಿಸ್ಟರಿನಲ್ಲಿ. ನೋವು ಮುಂದುವರಿಯುವ ಬಗೆಯನ್ನು ನಕ್ಷೆಯ ಮೇಲೆ ಗುರುತಿಸುವುದು, ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟು ರಕ್ತಸ್ರಾವ ತಡೆಯುವುದು, ಅಳದ ಕೂಸಿಗೆ ಉಸಿರು ಕೊಡುವುದು ಎಲ್ಲವನ್ನೂ ಮೊದಲು ಬೊಂಬೆಯ ಮೇಲೆ ಕಲಿತು, ನಂತರ ಹೆರಿಗೆ ಕೋಣೆಯಲ್ಲಿ ಹಿರಿಯರ ಕಣ್ಣೆದುರಿನಲ್ಲಿ ಮಾಡಬೇಕು. ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ.

"ರಾತ್ರಿ ಡ್ಯೂಟಿ ಇರುತ್ತಾ ಸಾರ್?" ಎಂದು ಆ ತಾಯಿ ಕೇಳಿದರು. ಇರುತ್ತದೆ. ರೋಗಿಗೆ ರಾತ್ರಿಯೂ ಕಾಯಿಲೆ ಇರುತ್ತದಲ್ಲ. ಪಾಠಕ್ಕೆ ಕನಿಷ್ಠ ಶೇ. 80 ಹಾಜರಿ ಸಾಕು, ಆದರೆ ವಾರ್ಡಿನ ಕೆಲಸ ನೂರಕ್ಕೆ ನೂರು ಮುಗಿಯದೆ ಪದವಿ ಸಿಗುವುದಿಲ್ಲ. ಇನ್ನೊಂದು ಮಾತು. ಇದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ಓದಲ್ಲ, ಗಂಡುಮಕ್ಕಳೂ ಸೇರುತ್ತಾರೆ, ವಾರ್ಡಿನಲ್ಲಿ ಅವರನ್ನು 'ಬ್ರದರ್' ಎಂದು ಕರೆಯುವುದು ರೂಢಿಯಾಗಿದೆ. ಪದವೀಧರರಿಗೆ ಆಸ್ಪತ್ರೆಯಲ್ಲದೆ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗುವ ದಾರಿಯೂ ಇದೆ.

ಸೇರಲು ಭೌತ, ರಸಾಯನ, ಜೀವಶಾಸ್ತ್ರದೊಂದಿಗೆ ಪಿ.ಯು.ಸಿ. ಪಾಸಾಗಿರಬೇಕು, ವಯಸ್ಸು 17 ತುಂಬಿರಬೇಕು. ಅಷ್ಟು ಓದಿಸುವ ಶಕ್ತಿ ಮನೆಯಲ್ಲಿ ಇಲ್ಲವಾದರೆ ಮೂರು ವರ್ಷದ ಜಿ.ಎನ್.ಎಂ. ಮುಗಿಸಿ, ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳಬಹುದು. ಅದನ್ನು ಕೀಳೆಂದು ಭಾವಿಸಬೇಕಿಲ್ಲ.

ಹಣ ಕಟ್ಟುವ ಮುನ್ನ ಕಾಲೇಜಿಗೆ ಆ ವರ್ಷದ ವಿಶ್ವವಿದ್ಯಾಲಯ ಮಾನ್ಯತೆ ಮತ್ತು ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ಕಾಗದ ನೋಡಿಯೇ ತಿಳಿಯಿರಿ. ಏಜೆಂಟನ ಮಾತು ಸಾಲದು. ಮಾನ್ಯತೆಯಿಲ್ಲದ ಕಡೆ ಓದಿದರೆ ರಾಜ್ಯದ ಕೌನ್ಸಿಲಿನಲ್ಲಿ ನೋಂದಣಿಯಾಗುವುದಿಲ್ಲ, ನೋಂದಣಿಯಿಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಬಳಿಕ ಒಂದು ಬೆಳಿಗ್ಗೆ ಹತ್ತು ಗಂಟೆಗೆ, ವಿದ್ಯಾರ್ಥಿಗಳನ್ನು ತರಬೇತಿಗೆ ಕಳಿಸುವ ಆಸ್ಪತ್ರೆ ಯಾವುದೆಂದು ಕೇಳಿ ಅಲ್ಲಿಗೇ ಹೋಗಿಬನ್ನಿ. ಜಿಲ್ಲೆಯವರು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯನ್ನೋ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯನ್ನೋ ಒಮ್ಮೆ ನೋಡಿದ್ದರೆ ರೋಗಿಗಳಿರುವ ವಾರ್ಡು ಹೇಗಿರುತ್ತದೆಂದು ಗೊತ್ತೇ ಇದೆ. ನಿಮಗೆ ತೋರಿಸಿದ ಕಡೆ ಹಾಸಿಗೆಗಳು ಖಾಲಿಯಾಗಿದ್ದರೆ, ಮಗಳು ಅಲ್ಲಿ ಯಾರ ಉಸಿರನ್ನು ಎಣಿಸಿ ಕಲಿಯುತ್ತಾಳೆ ಎಂದು ಪ್ರಿನ್ಸಿಪಾಲರನ್ನೇ ಕೇಳಿ.