ಹೆಸರಳಿದ ದನಿಗಳು: ಕಾಂಬೋಡಿಯದ ರಾಕ್ ಧ್ವನಿಮುದ್ರಿಕೆಗಳು ಮತ್ತು ಗ್ರಂಥಸಂಪಾದನೆಯ ಕೆಲವು ಪ್ರಶ್ನೆಗಳು

ಗ್ರಂಥಸಂಪಾದನೆಯ ತತ್ತ್ವಗಳನ್ನು ನಾವು ಸಾಮಾನ್ಯವಾಗಿ ಓಲೆಗರಿ ಮತ್ತು ಕೋರಿಕಾಗದದ ಹಸ್ತಪ್ರತಿಗಳಿಗೆ ಸೀಮಿತಗೊಳಿಸಿಯೇ ಚರ್ಚಿಸುತ್ತ ಬಂದಿದ್ದೇವೆ. ಮಾತೃಕೆ, ಪಾಠಾಂತರ, ಪ್ರಕ್ಷೇಪ, ಕರ್ತೃತ್ವ ಮುಂತಾದ ಪರಿಕಲ್ಪನೆಗಳು ಬರಹದ ಪಠ್ಯಕ್ಕೆ ಮಾತ್ರ ಸಲ್ಲುತ್ತವೆಯೇ ಅಥವಾ ಯಂತ್ರದಲ್ಲಿ ಮುದ್ರಿತವಾದ ದನಿಗೂ ಸಲ್ಲುತ್ತವೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದಕ್ಕೆ ಆರಿಸಿಕೊಂಡ ಆಕರ ಕನ್ನಡದ್ದಲ್ಲ. 1960 ಮತ್ತು 70ರ ದಶಕಗಳ ಕಾಂಬೋಡಿಯದ ರಾಕ್ ಸಂಗೀತದ ತಟ್ಟೆಗಳು. ಕನ್ನಡ ವಿಭಾಗದ ಸಂಶೋಧಕನಿಗೆ ಇಲ್ಲೇನು ಕೆಲಸವೆಂದು ಕೇಳುವವರಿರಬಹುದು. ಆದರೆ ಹಸ್ತಪ್ರತಿಶಾಸ್ತ್ರವನ್ನು ಓದಿದವರಿಗೆ ಈ ತಟ್ಟೆಗಳ ಚರಿತ್ರೆ ತುಂಬ ಪರಿಚಿತವೆನಿಸುತ್ತದೆ.

1996ರಲ್ಲಿ ಅಮೆರಿಕದಲ್ಲಿ 'ಕಾಂಬೋಡಿಯನ್ ರಾಕ್ಸ್' ಎಂಬ ಸಂಕಲನವೊಂದು ಹೊರಬಂದಿತು. ಕಾಂಬೋಡಿಯಕ್ಕೆ ಹೋಗಿದ್ದ ಪ್ರವಾಸಿಯೊಬ್ಬ ಅಲ್ಲಿ ಕೊಂಡು ತಂದ ಕ್ಯಾಸೆಟ್ಟುಗಳಿಂದ ಆಯ್ದ ಹಾಡುಗಳು ಅವು. ವಿದ್ಯುತ್ ಗಿಟಾರು, ಆರ್ಗನ್ನು, ಡ್ರಮ್ಮುಗಳ ಅಬ್ಬರದ ಮೇಲೆ ಖ್ಮೇರ್ ಭಾಷೆಯ, ಏರುಸ್ಥಾಯಿಯ ಹೆಣ್ಣುದನಿಗಳು. ಸಂಕಲನದಲ್ಲಿ ಹಾಡುಗಳ ಶೀರ್ಷಿಕೆಗಳಿರಲಿಲ್ಲ, ಹಾಡಿದವರ ಹೆಸರುಗಳಿರಲಿಲ್ಲ, ರಚಿಸಿದವರ ಉಲ್ಲೇಖವಂತೂ ಇರಲೇ ಇಲ್ಲ. ಪಾಶ್ಚಾತ್ಯ ಕೇಳುಗರಿಗೆ ಅದು ಅನಾಮಧೇಯ ಕೃತಿ. ಮುಂದಿನ ವರ್ಷಗಳಲ್ಲಿ ಆ ದನಿಗಳನ್ನು ಬಲ್ಲವರು ಒಂದೊಂದಾಗಿ ಗುರುತಿಸುತ್ತ ಹೋದರು: ಸಿನ್ ಸಿಸಾಮುತ್, ರೋಸ್ ಸೆರೈ ಸೊಥಿಯಾ, ಪೆನ್ ರಾನ್, ಯೋಲ್ ಔಲಾರೊಂಗ್, ಲಿಯೆವ್ ತುಕ್, ಮೆಯಾಸ್ ಸಮೊನ್. ಇವರಲ್ಲಿ ಸಿಸಾಮುತ್, ಸೊಥಿಯಾ ಮತ್ತು ಪೆನ್ ರಾನ್ ತಮ್ಮ ಕಾಲದಲ್ಲಿ ದೇಶಕ್ಕೆ ದೇಶವೇ ಬಲ್ಲ ಹೆಸರುಗಳು.

ಅವರು ಅನಾಮಧೇಯರಾದದ್ದು ಕಾಲದ ಸಹಜ ಸವೆತದಿಂದಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. 1953ರಲ್ಲಿ ಫ್ರೆಂಚರಿಂದ ಸ್ವತಂತ್ರವಾದ ಕಾಂಬೋಡಿಯದಲ್ಲಿ ರಾಜಾಶ್ರಯವೂ ರೇಡಿಯೋವೂ ಸೇರಿ ಹೊಸ ಸಂಗೀತವನ್ನು ಬೆಳೆಸಿದವು. ದೇಶದ ನಾಯಕ ನೊರೊದೊಮ್ ಸಿಹಾನುಕ್ ಸ್ವತಃ ಗೀತೆಗಳನ್ನು ರಚಿಸುತ್ತಿದ್ದವರು. 1950ರ ದಶಕದ ಕೊನೆಯ ಹೊತ್ತಿಗೆ ಮೋಲ್ ಸಹೋದರರ 'ಬಕ್ಸೇ ಚಾಂಕ್ರೊಂಗ್' ಎಂಬ ಗಿಟಾರ್ ತಂಡ ಹುಟ್ಟಿಕೊಂಡಿತು. ಕ್ಲಿಫ್ ರಿಚರ್ಡ್ ಮತ್ತು 'ಶ್ಯಾಡೋಸ್' ತಂಡವನ್ನು ಮಾದರಿಯಾಗಿಟ್ಟುಕೊಂಡ ಈ ಯುವಕರು ತಂಡಕ್ಕೆ ಆರಿಸಿಕೊಂಡದ್ದು ಅಂಗ್ಕೋರಿನ ಪ್ರಾಚೀನ ದೇಗುಲವೊಂದರ ಹೆಸರನ್ನು. ಮುಂದೆ ವಿಯೆಟ್ನಾಂ ಯುದ್ಧಕ್ಕೆ ಬಂದ ಅಮೆರಿಕನ್ ಸೈನಿಕರ ರೇಡಿಯೋ ಗಡಿಯಾಚೆಯಿಂದ ಕೇಳತೊಡಗಿದಂತೆ ಸಂಗೀತ ಇನ್ನಷ್ಟು ಒರಟಾಯಿತು. 1974ರಲ್ಲಿ, ಅಂತರ್ಯುದ್ಧ ರಾಜಧಾನಿಯ ಬಾಗಿಲಿಗೆ ಬಂದಿದ್ದಾಗಲೂ, 'ದ್ರಾಕಾರ್' ಎಂಬ ತಂಡ ತನ್ನ ದೀರ್ಘವಾದನದ ತಟ್ಟೆಯನ್ನು ಹೊರತಂದಿತು. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ನೋಮ್ ಪೆನ್ ನಗರವನ್ನು ಹಿಡಿದು ಇಡೀ ಊರನ್ನು ಖಾಲಿ ಮಾಡಿಸಿತು. 1979ರ ಜನವರಿಯವರೆಗಿನ ಆ ಆಳ್ವಿಕೆಯಲ್ಲಿ ಸತ್ತವರು ಸುಮಾರು 17 ಲಕ್ಷ ಅಥವಾ ಅದಕ್ಕೂ ಹೆಚ್ಚು. ವಿದೇಶಿ ಪ್ರಭಾವದ ಕಲಾವಿದರಿಗೆ ಅಲ್ಲಿ ಜಾಗವಿರಲಿಲ್ಲ. ತಟ್ಟೆಗಳನ್ನು ಇಟ್ಟುಕೊಳ್ಳುವುದೂ ಪ್ರಾಣಕ್ಕೆ ಎರವಾಗಬಹುದಾಗಿತ್ತು.

ಸಿಸಾಮುತ್, ಸೊಥಿಯಾ, ಪೆನ್ ರಾನ್ ಮೂವರೂ ಆ ವರ್ಷಗಳಲ್ಲೇ ಇಲ್ಲವಾದರು. ಅವರು ಹೇಗೆ ಸತ್ತರೆಂಬುದಕ್ಕೆ ಒಂದೇ ಪಾಠವಿಲ್ಲ. ಕೊಲ್ಲುವ ಮುನ್ನ ಸಿಸಾಮುತ್ ಒಂದು ಹಾಡು ಹಾಡಲು ಅನುಮತಿ ಕೇಳಿದರೆಂಬ ಕಥೆ ಕಾಂಬೋಡಿಯದಲ್ಲಿ ವ್ಯಾಪಕವಾಗಿ ಪ್ರಚಾರದಲ್ಲಿದೆ. ಇದನ್ನು ಚರಿತ್ರೆಯೆಂದು ಒಪ್ಪಲಾಗದಿದ್ದರೂ, ನಮ್ಮ ಕವಿಚರಿತೆಗಳ ಐತಿಹ್ಯಗಳಂತೆ ಇದಕ್ಕೂ ಅದರದೇ ಆದ ಸಾಕ್ಷ್ಯಮೌಲ್ಯವಿದೆ.

ಈಗ ಪಠ್ಯದ ಪ್ರಶ್ನೆಗೆ ಬರೋಣ. ಆ ಕಾಲದ ಹಾಡುಗಳು ಹೆಚ್ಚಾಗಿ ನಿಮಿಷಕ್ಕೆ 45 ಸುತ್ತಿನ ಸಣ್ಣ ವಿನೈಲ್ ತಟ್ಟೆಗಳಾಗಿ ಬಂದವು. ಹೊರದೇಶಕ್ಕೆ ಮೊದಲೇ ಹೋಗಿದ್ದವರ ಬಳಿ, ಅಡಗಿಸಿಟ್ಟವರ ಮನೆಗಳಲ್ಲಿ ಕೆಲವು ಉಳಿದುಕೊಂಡವು. 1979ರ ನಂತರ ಇಂಥ ತಟ್ಟೆಗಳಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಗಳಾದವು. ನಿರಾಶ್ರಿತರು ನೆಲೆಸಿದ ಅಮೆರಿಕ, ಫ್ರಾನ್ಸುಗಳಲ್ಲೂ ಕಾಂಬೋಡಿಯದ ಒಳಗೂ ಈ ಪ್ರತೀಕರಣ ನಡೆಯಿತು. ಹಾಗೆ ಪ್ರತಿ ಮಾಡಿದವರು ಕೇವಲ ನಕಲುಗಾರರಾಗಿರಲಿಲ್ಲ. ಹಳೆಯ ಧ್ವನಿ ತೆಳುವೆನಿಸಿದಲ್ಲಿ ಡ್ರಮ್ ಯಂತ್ರದ ತಾಳವನ್ನೂ ಕೀಬೋರ್ಡಿನ ನಾದವನ್ನೂ ಮೇಲೆ ಕೂಡಿಸಿದರು, ಪ್ರತಿಧ್ವನಿ ಬೆರೆಸಿದರು. ಟೇಪಿನ ವೇಗ ಹೆಚ್ಚಾದಲ್ಲಿ ಶ್ರುತಿಯೂ ಏರಿತು. ಇಂದು ಸುಲಭವಾಗಿ ದೊರೆಯುವ ಎಷ್ಟೋ ಹಾಡುಗಳು ಇಂಥ ಪರಿಷ್ಕೃತ ರೂಪಗಳೇ. ಓಲೆಗರಿಯ ಲಿಪಿಕಾರನು ತನಗೆ ತಿಳಿಯದ ಶಬ್ದದ ಜಾಗದಲ್ಲಿ ತಿಳಿದ ಶಬ್ದವನ್ನು ಕೂರಿಸುವುದಕ್ಕೂ, ನಡುಗನ್ನಡದ ಕಾವ್ಯಕ್ಕೆ ಯಾರೋ ನಾಲ್ಕು ಪದ್ಯ ಸೇರಿಸುವುದಕ್ಕೂ ಇದಕ್ಕೂ ಪ್ರಕ್ರಿಯೆಯಲ್ಲಿ ಭೇದವಿಲ್ಲ.

ಹಸ್ತಪ್ರತಿಗಳ ತೂಕವನ್ನು ಅವುಗಳ ಸಂಖ್ಯೆಯಿಂದಲ್ಲ, ಪರಸ್ಪರ ಸಂಬಂಧದಿಂದ ನಿರ್ಧರಿಸಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಒಂದೇ ಮಾತೃಕೆಯಿಂದ ಹೊರಟ ನೂರು ಪ್ರತಿಗಳು ಒಂದೇ ಸಾಕ್ಷಿ. ಪರಿಷ್ಕೃತ ಕ್ಯಾಸೆಟ್ಟೊಂದರಿಂದ ಸಾವಿರ ಪ್ರತಿಗಳಾಗಿ ಹರಡಿದ ಹಾಡಿನೆದುರು, ಗೀರು ಬಿದ್ದ, ಚಟಪಟ ಸದ್ದಿನ ಒಂದು ಮೂಲ ತಟ್ಟೆ ಹೆಚ್ಚು ಪ್ರಮಾಣವಾಗುವುದು ಈ ಕಾರಣದಿಂದ. ಈ ಶತಮಾನದಲ್ಲಿ ಸಂಗ್ರಾಹಕರು ಆ ತಟ್ಟೆಗಳನ್ನು ಹುಡುಕತೊಡಗಿದಾಗ ಹಾಡಿನ ನಿಜವಾದ ವಾದ್ಯಮೇಳ ಮತ್ತು ಶ್ರುತಿಯ ಜೊತೆಗೆ ಇನ್ನೊಂದು ಲಾಭವಾಯಿತು. ತಟ್ಟೆಯ ನಡುವಿನ ಚೀಟಿಯಲ್ಲಿ ಗಾಯಕರ, ಶೀರ್ಷಿಕೆಯ, ಪ್ರಕಾಶನದ ವಿವರಗಳು ಸಿಕ್ಕವು. ಅದು ಹಸ್ತಪ್ರತಿಯ ಸಮಾಪ್ತಿ ವಾಕ್ಯವಿದ್ದಂತೆ. ಅದು ಕಳಚಿಹೋದಾಗ ವಡ್ಡಾರಾಧನೆಯ ಕರ್ತೃತ್ವದಂಥ ವಿವಾದಗಳು ಹುಟ್ಟುತ್ತವೆಂಬುದು ನಮಗೆ ಗೊತ್ತು. ಅಂಕಿತ ಉಳಿದು ಹೆಸರು ಅಳಿದ ವಚನಕಾರರೂ ನಮ್ಮಲ್ಲಿದ್ದಾರೆ. ಅಲ್ಲಿ ದನಿ ಉಳಿದು ಹೆಸರು ಅಳಿದಿತ್ತು.

ಹೆಸರು ಮರಳಿ ಸಿಕ್ಕ ಮೇಲೂ ಲಿಪಿಯ ತೊಡಕು ತಪ್ಪುವುದಿಲ್ಲ. ರೋಮನ್ ಬರಹದಲ್ಲಿ ಪೆನ್ ರಾನ್, ಪ್ಯಾನ್ ರಾನ್, ಪೆನ್ ರನ್ ಎಂದೆಲ್ಲ ಒಬ್ಬಳೇ ಗಾಯಕಿ ಹಲವರಾಗುತ್ತಾಳೆ. ಖ್ಮೇರ್ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದದ್ದಾದ್ದರಿಂದ ಇಂಥಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ರೋಮನ್ನಿನಲ್ಲಿ ಅರ್ಥವಾಗದ 'ಸೊಥಿಯಾ' ಮೂಲ ಬರಹದಲ್ಲಿ ಅಕ್ಷರಕ್ಕೆ ಅಕ್ಷರ 'ಸುದ್ಧಾ'. 'ಬಕ್ಸೇ' ನಮ್ಮ 'ಪಕ್ಷಿ'ಯೇ. 'ಚಾನ್ ಛಾಯಾ' ಎಂಬ ತಟ್ಟೆಯ ಪ್ರಕಾಶನದ ಹೆಸರು 'ಚಂದ್ರಛಾಯಾ'. ಉಚ್ಚಾರದಲ್ಲಿ ಕಳೆದದ್ದನ್ನು ಕಾಗುಣಿತ ಉಳಿಸಿಕೊಂಡಿದೆ. ಇಂಥ ಹೆಸರುಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವ ನಮ್ಮ ರೂಢಿ ಎಷ್ಟು ಸರಿ ಎಂಬುದನ್ನು ಪ್ರತ್ಯೇಕವಾಗಿಯೇ ಚರ್ಚಿಸಬೇಕು. (ಈ ಲೇಖನದಲ್ಲೂ ಆ ರೂಢಿಯಿಂದ ಪೂರ್ತಿ ಬಿಡಿಸಿಕೊಳ್ಳಲು ಆಗಿಲ್ಲ.)

ಧ್ವನಿಮುದ್ರಿಕೆಯಲ್ಲಿ ಹೆಸರನ್ನು ಕಾಯುವ ಇನ್ನೊಂದು ಉಪಾಯವನ್ನು ಮೈಸೂರಿನವರು ಬಲ್ಲರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಘೋಷಿಸುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಗುರುತು ಸಿಗಲೆಂದು ಮಾಡಿದ ವ್ಯವಸ್ಥೆಯದು. ಚೀಟಿ ಹರಿದರೂ ಆ ಘೋಷಣೆ ಹಾಡಿಗೆ ಅಂಟಿಕೊಂಡೇ ಇರುತ್ತದೆ, ಕೀರ್ತನೆಯ ಅಂಕಿತದಂತೆ. ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದ ಅವರು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ನನ್ನ ಬಳಿ, ಗುಜರಿ ಅಂಗಡಿಯಲ್ಲಿ ಸಿಕ್ಕ, ಚೀಟಿ ಪೂರ್ತಿ ಅಳಿಸಿಹೋದ ಅರಗಿನ ತಟ್ಟೆಯೊಂದಿದೆ: ಕನ್ನಡ ರಂಗಗೀತೆ, ಗಂಡುದನಿ. ಕೊನೆಯಲ್ಲಿ ಘೋಷಣೆಯಿಲ್ಲ. ಗೀರುಗಳು ಮುಗಿದ ಬರಿಜಾಗದಲ್ಲಿ ಕೆತ್ತಿದ ಒಂದು ಸಂಖ್ಯೆಯಷ್ಟೇ ಉಳಿದಿದೆ. ಕಂಪನಿಯ ಪಟ್ಟಿಯೊಡನೆ ಹೋಲಿಸಿದರೆ ಅದೇ ಸಂಖ್ಯೆ ಗಾಯಕನ ಹೆಸರನ್ನು ಹೇಳಬಲ್ಲದು.

ಆದರೆ ಮೂಲಪಾಠದ ಹಂಬಲಕ್ಕೆ ಒಂದು ಮಿತಿಯಿದೆ. ಕ್ಯಾಸೆಟ್ಟಿನಲ್ಲಿ ಸೇರಿಸಿದ ಡ್ರಮ್ ಯಂತ್ರದ ತಾಳವನ್ನು ಪ್ರಕ್ಷೇಪವೆಂದು ಕಿತ್ತೆಸೆಯುವುದು ಸುಲಭ. ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಂಥ ಊರುಗಳಲ್ಲಿ ನಿರಾಶ್ರಿತರ ಮಕ್ಕಳು ತಾಯ್ನಾಡನ್ನು ಮೊದಲು ಕೇಳಿದ್ದು ಆ ತಾಳದ ಜೊತೆಗೇ. ಅವರ ಪಾಲಿಗೆ ಅದೇ ಪ್ರಚಲಿತ ಪಾಠ. ಗಮಕಿಗಳ ಬಾಯಲ್ಲಿ ಬೆಳೆದ ಕುಮಾರವ್ಯಾಸನನ್ನು ಪರಿಷ್ಕರಣದ ಹೆಸರಿನಲ್ಲಿ ಪೂರ್ತಿ ನಿರಾಕರಿಸಲಾಗುವುದೇ? ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಉಳಿಸಬೇಕು. ಯಾವುದು ಯಾವುದೆಂದು ನಮೂದಿಸಿ ಉಳಿಸಬೇಕು. ಕೆಡುಕಾದದ್ದು ಸೇರ್ಪಡೆಯಿಂದಲ್ಲ, ಸೇರಿಸಿದ್ದನ್ನು ಹೇಳದಿದ್ದುದರಿಂದ.

'ಮರೆತುಹೋದ' ಎಂಬ ವಿಶೇಷಣದ ಬಗ್ಗೆಯೂ ತಕರಾರಿದೆ. ಮರೆತವರು ಯಾರು? ಕಾಂಬೋಡಿಯದ ಮನೆಗಳಲ್ಲಿ ಸಿಸಾಮುತ್ ಅವರ ಹಾಡು ನಿಂತಿರಲಿಲ್ಲ. ಅದನ್ನು 'ಶೋಧಿಸಿದ್ದು' ಅರಿಯದ ಹೊರಗಿನವರು. ಜಾನ್ ಪಿರೋಜ್ಜಿ ಅವರು ಈ ಸಂಗೀತದ ಮೇಲೆ ತೆಗೆದ, 2014ರಲ್ಲಿ ಮೊದಲು ತೋರಿಸಲಾದ ಸಾಕ್ಷ್ಯಚಿತ್ರಕ್ಕೆ ಸಿಸಾಮುತ್ ಅವರದೇ ಹಾಡಿನಿಂದ ಪಡೆದ ಶೀರ್ಷಿಕೆ, 'ನಾನು ಮರೆತೆನೆಂದುಕೊಳ್ಳಬೇಡ' ಎಂಬರ್ಥದ್ದು. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನದ ಕಟ್ಟುಗಳನ್ನು ಕೂಡಿಸಿದಾಗಲೂ ಆ ಕಟ್ಟುಗಳು ಕೆಲವೆಡೆ ಪೂಜೆಗೊಳ್ಳುತ್ತಿದ್ದವು. ವಿದ್ವತ್ ಲೋಕಕ್ಕಷ್ಟೇ ಅವು ಹೊಸವು.

ಹೆಸರಿನ ಪ್ರಶ್ನೆ ಹಕ್ಕಿನ ಪ್ರಶ್ನೆಯೂ ಹೌದು. ಹೆಸರಿಲ್ಲದ ಹಾಡನ್ನು ಯಾರು ಬೇಕಾದರೂ ಮಾರಬಹುದು, ಮಾರಿದ್ದೂ ಆಯಿತು. ಕಾಂಬೋಡಿಯದಲ್ಲಿ ಕೃತಿಸ್ವಾಮ್ಯದ ಕಾನೂನು ಬಂದದ್ದು 2003ರಲ್ಲಿ. ಸಿಸಾಮುತ್ ಅವರ ಕುಟುಂಬ ಹಾಡುಗಳ ರಚನಕಾರ ಅವರೇ ಎಂದು ಹಳೆಯ ದಾಖಲೆಗಳಿಂದ ತೋರಿಸಬೇಕಾಯಿತು. 2014ರಲ್ಲಿ ಅವರ ಅನೇಕ ಹಾಡುಗಳ ಮೇಲಿನ ಹಕ್ಕನ್ನು ಸರ್ಕಾರ ಮಾನ್ಯ ಮಾಡಿತು. ದಾಖಲೆ ಸಿಗದ ಗಾಯಕಿಯರ, ತಂಡಗಳ ಪಾಲಿಗೆ ಆ ಕೆಲಸ ಬಾಕಿಯಿದೆ.