ವಿಶ್ವ ಕಾಲ್ಚೆಂಡಾಟದಲ್ಲಿ ನಮ್ಮ ಬಾಲಿಕೆಯರು

ಫುಟ್‌ಬಾಲ್ ಆಟಕ್ಕೆ ಕನ್ನಡದಲ್ಲಿ ಕಾಲ್ಚೆಂಡಾಟವೆಂಬ ಸೊಗಸಾದ ಹೆಸರಿದೆ. ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲಿಯೂ ಈ ಆಟವನ್ನು ಆಡುತ್ತಾರೆ. ನಮ್ಮ ಆದವಾನಿ ಸೀಮೆಯ ಬಯಲುಗಳಲ್ಲಿ ಕಾಣುವುದು ಹೆಚ್ಚಾಗಿ ಕಬಡ್ಡಿ, ಖೋಖೋ, ಕ್ರಿಕೆಟ್. ಕಾಲ್ಚೆಂಡು ಅಪರೂಪ, ಅದನ್ನು ಒದೆಯುವ ಹುಡುಗಿಯಂತೂ ಇನ್ನೂ ಅಪರೂಪ. ಆದರೂ ಈ ವರ್ಷದ ಸಂಚಿಕೆಗೆ ನಾವು ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ. ನಮ್ಮ ವಿದ್ಯಾರ್ಥಿನಿಯರ ವಯಸ್ಸಿನ, ನಮ್ಮಂಥ ಮನೆಗಳಿಂದಲೇ ಬಂದ ಹುಡುಗಿಯರು ದೇಶದ ಹೆಸರಿನಲ್ಲಿ ಆಡಿದ್ದಾರೆ, ಸೋತಿದ್ದಾರೆ, ಗೆದ್ದೂ ಇದ್ದಾರೆ. ಆ ಸಂಗತಿ ನಮ್ಮ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿದಿರಬೇಕು.

ಮೊದಲು ಪಂದ್ಯಾವಳಿಯ ಪರಿಚಯ. ಹದಿನೇಳು ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ ಪಂದ್ಯಾವಳಿಯನ್ನು ಫೀಫಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2008ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭಿಸಿತು. ಏಳನೆಯದು ನಮ್ಮ ದೇಶದಲ್ಲಿಯೇ ನಡೆಯಿತು. 2020ರಲ್ಲಿ ಆಗಬೇಕಾದದ್ದು ಕೊರೋನಾ ಪಿಡುಗಿನಿಂದ ನಿಂತುಹೋಗಿ, ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಭುವನೇಶ್ವರ, ಗೋವಾ, ನವೀ ಮುಂಬಯಿಗಳಲ್ಲಿ ಜರುಗಿತು. ಅದಕ್ಕೆ ಎರಡು ತಿಂಗಳು ಮುಂಚೆ ಫೀಫಾ ಸಂಸ್ಥೆಯು ಭಾರತದ ಫುಟ್‌ಬಾಲ್ ಸಂಘವನ್ನೇ ಅಮಾನತಿನಲ್ಲಿಟ್ಟು, ಹತ್ತು ಹನ್ನೊಂದು ದಿನಗಳ ಬಳಿಕ ಅಮಾನತು ತೆಗೆಯಿತು. ದೊಡ್ಡವರ ಜಗಳದಲ್ಲಿ ಮಕ್ಕಳ ಆಟ ತಪ್ಪಿಹೋಗುವುದರಲ್ಲಿತ್ತು. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಒಟ್ಟು ಹದಿನಾರು ದೇಶಗಳು ಬಂದವು. ಆತಿಥೇಯ ದೇಶವಾದ್ದರಿಂದ ಭಾರತಕ್ಕೆ ಅರ್ಹತಾ ಪಂದ್ಯಗಳಿಲ್ಲದೆಯೇ ಪ್ರವೇಶ ದೊರೆಯಿತು; ಇದನ್ನು ನೆನಪಿನಲ್ಲಿಡಬೇಕು. ನಮ್ಮ ಗುಂಪಿನಲ್ಲಿದ್ದವರು ಅಮೆರಿಕ, ಮೊರಾಕೊ ಮತ್ತು ಬ್ರೆಜಿಲ್. ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅಮೆರಿಕದ ಎದುರು ಎಂಟು ಗೋಲುಗಳ ಸೋಲು. ನಮ್ಮದು ಸೊನ್ನೆ. 14ರಂದು ಮೊರಾಕೊದೊಡನೆ ಆಡಿದಾಗ ಅರ್ಧ ಆಟದವರೆಗೆ ಎದುರಾಳಿಗೆ ಒಂದು ಗೋಲನ್ನೂ ಬಿಡಲಿಲ್ಲ. ದ್ವಿತೀಯಾರ್ಧದಲ್ಲಿ ಮೂರು ಗೋಲು ಬಿದ್ದವು. 17ರಂದು ಬ್ರೆಜಿಲ್ ಐದು ಗೋಲುಗಳಿಂದ ಗೆದ್ದಿತು. ಮೂರು ಪಂದ್ಯ, ಹದಿನಾರು ಗೋಲು, ನಮ್ಮಿಂದ ಒಂದೂ ಇಲ್ಲ. ಅಂತಿಮ ಪಂದ್ಯದಲ್ಲಿ ಸ್ಪೇನ್ ಕೊಲಂಬಿಯಾವನ್ನು 1-0ರಿಂದ ಸೋಲಿಸಿ ಕಪ್ ಪಡೆಯಿತು.

ಇದನ್ನು ಓದಿ ನಗುವವರಿದ್ದಾರೆ. "ಹುಡುಗಿಯರಿಗೆ ಇದೆಲ್ಲ ಏಕೆ?" ಎನ್ನುವವರೂ ಇದ್ದಾರೆ. ನಾವು ಹಾಗೆ ಎಣಿಸುವುದಿಲ್ಲ. ಆ ಎಂಟು ಗೋಲುಗಳ ಲೆಕ್ಕವನ್ನು ಆ ತೊಂಬತ್ತು ನಿಮಿಷಗಳಲ್ಲಿ ಹುಡುಕಬಾರದು, ಅದಕ್ಕೆ ಹಿಂದಿನ ಐವತ್ತು ವರ್ಷಗಳಲ್ಲಿ ಹುಡುಕಬೇಕು ಎಂಬುದು ನಮ್ಮ ಅಭಿಪ್ರಾಯ.

ಆ ಇಪ್ಪತ್ತೊಂದು ಬಾಲಿಕೆಯರ ತಂಡಕ್ಕೆ ಅಷ್ಟಮ್ ಉರಾಂವ್ ನಾಯಕಿ. (ನಾಯಕಿ ಎಂದೊಡನೆ ನಮ್ಮ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ! ಇಲ್ಲಿ ತಂಡವನ್ನು ಮುನ್ನಡೆಸುವವಳು ಎಂದರ್ಥ.) ಈಕೆ ಜಾರ್ಖಂಡ್ ರಾಜ್ಯದ ಗುಮ್ಲಾ ಜಿಲ್ಲೆಯ ಒಂದು ಕುಗ್ರಾಮದವಳು, ಉರಾಂವ್ ಬುಡಕಟ್ಟಿನವಳು. ವಿಶ್ವಕಪ್ ಸಮಯಕ್ಕೆ ಅಧಿಕಾರಿಗಳು ಅವಳ ಮನೆಯ ಕಡೆಗೆ ರಸ್ತೆ ಹಾಕಿಸಿದರು, ಮಗಳ ಆಟ ನೋಡಲೆಂದು ಮನೆಗೆ ಟೀವಿ ಇರಿಸಿಕೊಟ್ಟರು. ಆ ರಸ್ತೆಯ ಕೆಲಸದಲ್ಲಿ ದಿನಗೂಲಿಗೆ ಮಣ್ಣು ಕಲ್ಲು ಹೊತ್ತವರಲ್ಲಿ ಆಕೆಯ ತಂದೆತಾಯಿಗಳೂ ಇದ್ದರೆಂದು ಪತ್ರಿಕೆಗಳಲ್ಲಿ ಬಂದಿತು. ಮಗಳು ದೇಶದ ತಂಡದ ನಾಯಕಿ; ತಂದೆತಾಯಿ ಅದೇ ವಾರ ಕೂಲಿಯಲ್ಲಿ. ಆ ತಂಡದಲ್ಲಿ ಜಾರ್ಖಂಡಿನವರೇ ಆರು ಮಂದಿ ಇದ್ದರು. ಮಣಿಪುರದಿಂದಲೂ ಹಲವರಿದ್ದರು. ಸಿರಿವಂತ ಪಟ್ಟಣಗಳು ಕೊಡದಿದ್ದ ಆಟಗಾರ್ತಿಯರನ್ನು ಬಡ ಹಳ್ಳಿಗಳು ಕೊಟ್ಟವು ಎಂಬುದು ಗಮನಿಸತಕ್ಕ ಅಂಶ.

ಇನ್ನು ಎದುರು ಪಕ್ಷವನ್ನು ನೋಡೋಣ. ಅಮೆರಿಕದಲ್ಲಿ 1972ರಲ್ಲಿ ಒಂದು ಕಾನೂನು ಆಯಿತು. ಸರ್ಕಾರದ ಹಣ ಪಡೆಯುವ ಯಾವ ಶಾಲೆ ಕಾಲೇಜಿನಲ್ಲಿಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂಬುದು ಅದರ ತಿರುಳು. ಕಾನೂನಿನಲ್ಲಿ ಆಟದ ಹೆಸರೇ ಇರಲಿಲ್ಲ. ಆದರೆ ಭೇದ ಮಾಡಕೂಡದೆಂದ ಮೇಲೆ ಬಯಲಿಗೂ ಅದು ಅನ್ವಯಿಸಿತು. ಶಾಲೆಗಳು ಹುಡುಗಿಯರ ತಂಡ ಕಟ್ಟಬೇಕಾಯಿತು, ತರಬೇತುದಾರರನ್ನು ನೇಮಿಸಬೇಕಾಯಿತು. 2022ರಲ್ಲಿ ನಮ್ಮೆದುರು ನಿಂತ ಹುಡುಗಿಯರು ಅಂಥ ಐವತ್ತು ವರ್ಷಗಳ ಬೆಳೆ. ಎಂಟು ಗೋಲುಗಳಲ್ಲಿ ಒಂದನ್ನು ಹೊಡೆದವಳು ಮಿಯಾ ಭುಟಾ, ಭಾರತೀಯ ಮೂಲದ ತಂದೆಯ ಮಗಳು! ನಮ್ಮ ಹುಡುಗಿಯರ ಮೈಯಲ್ಲಿ ಶಕ್ತಿಯಿಲ್ಲ ಎಂದು ವಾದಿಸುವವರು ಇದಕ್ಕೆ ಏನು ಹೇಳುತ್ತಾರೋ ಕಾಣೆವು.

ಎಲ್ಲ ದೇಶಗಳೂ ಮೊದಲಿನಿಂದಲೇ ಉದಾರವಾಗಿದ್ದವೆಂದು ತಿಳಿಯಬಾರದು. ಈ ಆಟದ ತವರಾದ ಇಂಗ್ಲೆಂಡಿನಲ್ಲಿ ಇದು ಹೆಂಗಸರಿಗೆ ತಕ್ಕದ್ದಲ್ಲವೆಂದು ಫುಟ್‌ಬಾಲ್ ಸಂಘವು 1921ರಲ್ಲಿ ತನ್ನ ಬಯಲುಗಳನ್ನು ಅವರಿಗೆ ಮುಚ್ಚಿತು; ಬಾಗಿಲು ತೆರೆಯುವಾಗ 1971 ಆಗಿತ್ತು. ಬ್ರೆಜಿಲ್ ದೇಶದಲ್ಲಿ ಗಂಡುಮಕ್ಕಳು ಮೂರು ವಿಶ್ವಕಪ್ ಗೆದ್ದು ತರುವ ಕಾಲಕ್ಕೂ ಹೆಣ್ಣುಮಕ್ಕಳು ಈ ಆಟ ಆಡುವುದು ನಿಷಿದ್ಧ. 1941ರ ಆ ಶಾಸನ 1979ರವರೆಗೆ ಜಾರಿಯಲ್ಲಿತ್ತು.

ಅದೇ ಹೊತ್ತಿಗೆ ಭಾರತದಲ್ಲಿ ಏನಾಗುತ್ತಿತ್ತು ಗೊತ್ತೇ? 1975ರಲ್ಲಿ ಮಹಿಳಾ ಫುಟ್‌ಬಾಲ್ ಸಂಘ ಸ್ಥಾಪನೆಯಾಗಿತ್ತು. 1980ರ ಜನವರಿಯಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಮುಗಿದ ಏಷ್ಯಾ ಪಂದ್ಯಾವಳಿಯಲ್ಲಿ ನಮ್ಮ ವನಿತೆಯರು ಅಂತಿಮ ಪಂದ್ಯ ಆಡಿ ಎರಡನೆಯ ಸ್ಥಾನ ಪಡೆದರು. 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ಎರಡನೆಯ ಸ್ಥಾನ. ಬ್ರೆಜಿಲ್ ನಿಷೇಧವನ್ನು ಆಗತಾನೇ ತೆಗೆದಿತ್ತು, ನಾವಾಗಲೇ ಏಷ್ಯಾದಲ್ಲಿ ಎರಡನೆಯವರು. ಅಂದರೆ ಓಟವನ್ನು ನಾವು ಹಿಂದಿನಿಂದ ಆರಂಭಿಸಿದವರಲ್ಲ, ನಡುವೆ ನಿಂತುಬಿಟ್ಟವರು. ಉಳಿದವರು ಶಾಲೆಶಾಲೆಗಳಲ್ಲಿ ಕಲಿಸುತ್ತ ಹೋದರು. ನಮ್ಮಲ್ಲಿ ಕಲಿಸುವವರೂ ಬಯಲುಗಳೂ ಕಡಿಮೆಯಾಗಿಯೇ ಉಳಿದುವು.

ಈಗ ಸಂತೋಷದ ಸುದ್ದಿ. 2025ರ ಅಕ್ಟೋಬರ್‌ನಲ್ಲಿ ಇದೇ ವಯಸ್ಸಿನ ಹೊಸ ತಂಡವು ಕಿರ್ಗಿಸ್ತಾನದ ಬಿಷ್ಕೆಕ್ ನಗರಕ್ಕೆ ಹೋಯಿತು. ಈ ಸಲ ಆತಿಥೇಯರೆಂಬ ರಿಯಾಯಿತಿಯಿಲ್ಲ; 2026ರ ಏಷ್ಯಾ ಕಪ್ಪಿಗೆ ಪ್ರವೇಶ ಬೇಕಾದರೆ ಆಡಿಯೇ ಗಳಿಸಬೇಕು. ಮೊದಲು ಕಿರ್ಗಿಸ್ತಾನವನ್ನು 2-1ರಿಂದ ಸೋಲಿಸಿದರು. 17ರಂದು ಉಜ್ಬೇಕಿಸ್ತಾನದೊಡನೆ ಪಂದ್ಯ. ಮೊದಲ ಗೋಲು ಎದುರಾಳಿಗಳದು. ಆಗ ತರಬೇತುದಾರರು ಥಂಡಾಮಣಿ ಬಾಸ್ಕೆ ಎಂಬ ಹುಡುಗಿಯನ್ನು ಬದಲಿ ಆಟಗಾರ್ತಿಯಾಗಿ ಕಣಕ್ಕಿಳಿಸಿದರು. ದ್ವಿತೀಯಾರ್ಧದಲ್ಲಿ ಆಕೆ ಗೋಲು ಹೊಡೆದು ಸಮ ಮಾಡಿದಳು. ಹತ್ತಾರು ನಿಮಿಷಗಳಲ್ಲಿ ಅನುಷ್ಕಾ ಕುಮಾರಿ ಇನ್ನೊಂದು ಗೋಲು ಗಳಿಸಿದಳು. 2-1! 2005ರ ನಂತರ ಮೊದಲ ಸಲ ಭಾರತದ ಬಾಲಿಕೆಯರು ಈ ಏಷ್ಯಾ ಪಂದ್ಯಾವಳಿಗೆ ಪ್ರವೇಶ ಪಡೆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷದೊಳಗಿನವರ ತಂಡವೂ ಮ್ಯಾನ್ಮಾರ್ ತಂಡವನ್ನು ಅವರ ನೆಲದಲ್ಲಿಯೇ 1-0ರಿಂದ ಸೋಲಿಸಿ ಅರ್ಹತೆ ಗಳಿಸಿತ್ತು. ಮೂರು ವರ್ಷದ ಹಿಂದಿನ ಎಂಟು ಗೋಲುಗಳನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಇನ್ನು ನಮ್ಮ ಸೀಮೆಯ ಮಾತು. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಆಲೂರು ಕಡೆಯ ಮಳೆ ನಂಬಿದ ಹೊಲಗಳಲ್ಲಿ ಬೆಳೆ ಕೈಕೊಟ್ಟರೆ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುವುದು ಎಲ್ಲರೂ ಬಲ್ಲ ವಿಷಯ. ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಾರೆ. ಅಡಿಗೆಗೆ ಒಬ್ಬರು ಬೇಕು, ತಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕು. ಗಂಡುಮಗ ಊರಲ್ಲಿ ಅಜ್ಜಿಯ ಬಳಿ ಉಳಿದು ಶಾಲೆಗೆ ಬರುತ್ತಾನೆ. ತಿಂಗಳುಗಟ್ಟಲೆ ತಪ್ಪಿದ ಪಾಠದ ಮೇಲೆ ಆ ಹುಡುಗಿ ಮತ್ತೆ ತರಗತಿಗೆ ಬಂದರೆ ಅದೇ ದೊಡ್ಡದು. ಕೆಲವರು ಬರುವುದು ಮದುವೆಯ ಕರೆ ಹೇಳಲು. ತಂದೆತಾಯಿಗಳನ್ನು ನಾವು ದೂರುವುದಿಲ್ಲ, ಹಸಿವು ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಅಷ್ಟಮಳ ತಂದೆತಾಯಿಗಳೂ ಕೂಲಿಯವರೇ ಆಗಿದ್ದರು. ಅವರು ಮಗಳನ್ನು ಆಟಕ್ಕೆ ಬಿಟ್ಟರು. ಹೆಣ್ಣುಮಕ್ಕಳಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಂಥ ವಸತಿ ಶಾಲೆಗಳಿವೆ. ವಲಸೆ ಹೊರಡುವ ಮುಂಚೆ ಒಮ್ಮೆ ಶಾಲೆಗೆ ಬಂದು ಮಾತಾಡಿ ಎಂದು ಕೇಳಿಕೊಳ್ಳುತ್ತೇವೆ.

ಆಟ ಕಲಿಯಲು ದೂರ ಹೋಗಬೇಕೆಂದೇನಿಲ್ಲ. ನೆರೆಯ ಅನಂತಪುರದಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಹಳ್ಳಿಯ ಹುಡುಗಿಯರಿಗೂ ಫುಟ್‌ಬಾಲ್ ಕಲಿಸಿ ತೋರಿಸಿದೆ. ಅಲ್ಲಿಯ ನೆಲವೂ ಬಿಸಿಲೂ ನಮ್ಮದೇ. ಹನ್ನೊಂದು ಜನಕ್ಕೆ ಒಂದೇ ಚೆಂಡು ಸಾಕಾಗುವ ಆಟವಿದು.

ಕೊನೆಗೆ ಪಾಲಕರಿಗೆ ಒಂದು ಸೂಚನೆ. ಈ ಪಂದ್ಯಗಳಲ್ಲಿ ಹುಟ್ಟಿದ ದಿನಾಂಕ ಬಹಳ ಮುಖ್ಯ. 2022ರಲ್ಲಿ ಆಡಲು 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಾಗಿತ್ತು. ಒಂದು ದಿನ ಹಿಂದಾದರೂ ಅವಕಾಶವಿರಲಿಲ್ಲ. ನಮ್ಮ ಕಡೆ ದಾಖಲಾತಿ ಪುಸ್ತಕ ತೆರೆದರೆ ಮಕ್ಕಳಲ್ಲಿ ಎಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದವರು! ಶಾಲೆಗೆ ಸೇರಿಸುವ ಆತುರದಲ್ಲಿ ಅಂದಾಜಿಗೆ ಬರೆಸಿದ ಈ ದಿನಾಂಕ ಮುಂದೆ ಮಗುವನ್ನು ಒಂದು ವರ್ಷ ದೊಡ್ಡವಳನ್ನಾಗಿ ಮಾಡಿಬಿಡಬಹುದು. ಹೆರಿಗೆಯಾದ ಆಸ್ಪತ್ರೆಯ ಚೀಟಿಯನ್ನೂ ಪಂಚಾಯತಿಯ ಅಥವಾ ಪುರಸಭೆಯ ಜನನ ಪ್ರಮಾಣ ಪತ್ರವನ್ನೂ ಜೋಪಾನವಾಗಿಡಿ. ಇನ್ನೂ ಪಡೆಯದವರು ಈ ಬೇಸಿಗೆಯ ರಜೆಯಲ್ಲಿಯೇ ಪಡೆದು ಒಂದು ಪ್ರತಿಯನ್ನು ತರಗತಿಯ ಉಪಾಧ್ಯಾಯರಿಗೆ ಕೊಡಿ.