ಆರುನೂರ ನಲವತ್ತೊಂದರ ಸಾಕ್ಷ್ಯ

ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು; ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ ಹದಿನಾರು. ಹೀಗೆ ಬಂದ ಲಬ್ಧವನ್ನು ಅದರಿಂದಲೇ ಗುಣಿಸುತ್ತ ಹೋದರೆ ೨೫೬, ೬೫,೫೩೬, ಅನಂತರ ಒಮ್ಮೆಲೇ ೪,೨೯,೪೯,೬೭,೨೯೬ ದೊರೆಯುವುವು. ಚದುರಂಗದ ಮೊದಲ ಮನೆಯಲ್ಲಿ ಒಂದು ಕಾಳನ್ನಿಟ್ಟು ಮನೆಯಿಂದ ಮನೆಗೆ ಇಮ್ಮಡಿಸಿದ ಕಥೆಯನ್ನು ನೀವು ಕೇಳಿರುವಿರಷ್ಟೆ. ಮೂವತ್ತಮೂರನೆಯ ಮನೆಗೆ ಬೀಳುವ ಕಾಳುಗಳು ಇಷ್ಟೇ. ಈಗ ಈ ಸಾಲಿನ ಪ್ರತಿಯೊಂದಕ್ಕೂ ಒಂದನ್ನು ಕೂಡಿಸೋಣ: ೩, ೫, ೧೭, ೨೫೭, ೬೫,೫೩೭, ೪,೨೯,೪೯,೬೭,೨೯೭.

ಇವುಗಳಲ್ಲಿ ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು. ಫ್ರಾನ್ಸಿನ ನ್ಯಾಯಾಧಿಕಾರಿಯೂ ಗಣಿತಪ್ರೇಮಿಯೂ ಆಗಿದ್ದ ಫರ್ಮಾ, ಸಾಲನ್ನು ಎಷ್ಟು ಮುಂದುವರಿಸಿದರೂ ಎಲ್ಲವೂ ಅವಿಭಾಜ್ಯಗಳೇ ಆಗಿರುವುವೆಂಬ ತನ್ನ ನಂಬಿಕೆಯನ್ನು ೧೬೪೦ರಲ್ಲಿ ಪತ್ರವೊಂದರಲ್ಲಿ ಬರೆದನು. ಸಾಧನೆ ತನ್ನ ಬಳಿ ಇಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

ಕಳೆದ ವರ್ಷ ನಾವು ಎಂಟನೆಯ ಇಯತ್ತೆಯಲ್ಲಿ ಈ ಐದು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಆರನೆಯದು ಎಂತಹುದೆಂದು ಕೇಳಿದೆವು. “ಅವಿಭಾಜ್ಯ!” ಎಂದು ತರಗತಿಯೆಲ್ಲ ಒಂದೇ ದನಿಯಲ್ಲಿ ಕೂಗಿತು. ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಮಾತ್ರ, “ಯಾರಾದರೂ ಭಾಗಿಸಿ ನೋಡಿದ್ದಾರೆಯೇ, ಸರ್?” ಎಂದಳು. ಜಗತ್ತಿಗೆ ಈ ಪ್ರಶ್ನೆಯ ಉತ್ತರ ದೊರೆಯಲು ೯೨ ವರ್ಷಗಳು ಬೇಕಾದವು.

ಭಾಗಿಸುವುದು ಸುಲಭವಲ್ಲ. ಈ ಸಂಖ್ಯೆಯ ವರ್ಗಮೂಲ ೬೫,೫೩೬ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಲ್ಲಿಯವರೆಗೆ ೬,೫೪೨ ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸಿ ನೋಡುವ ತಾಳ್ಮೆ ಯಾರಿಗುಂಟು? ೧೭೩೨ರಲ್ಲಿ ಆಯ್ಲರನು ೬೪೧ ಇದನ್ನು ನಿಶ್ಶೇಷವಾಗಿ ಭಾಗಿಸುವುದೆಂದು ತಿಳಿಸಿದನು. ಈ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವೇ ಆಗಲಿ, ಅದನ್ನು ೬೪ರಿಂದ ಭಾಗಿಸಿದಾಗ ಶೇಷ ೧ ಉಳಿಯಲೇಬೇಕೆಂದು ಆತನೇ ಸಾಧಿಸಿದ್ದಾನೆ. ಅಂತಹ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧. ಸಾವಿರಾರು ಭಾಗಾಕಾರಗಳು ಐದಕ್ಕೆ ಇಳಿದುವು!

ಮರುದಿನ ಆ ಬಾಲಕಿ ೬೪೧ರಿಂದ ಭಾಗಿಸಿ ತಂದಳು. ಭಾಗಲಬ್ಧ ೬,೭೦,೪೧೭ ಎಂದಿತ್ತು. ನಾವೂ ಅವಸರದಲ್ಲಿ ‘ಸರಿ’ ಎಂದುಬಿಟ್ಟೆವು. ಅವಳೇ ತಿರುಗಿ ಗುಣಿಸಿ, ನಡುವೆ ಒಂದು ಸೊನ್ನೆ ಬಿಟ್ಟುಹೋಗಿದೆಯೆಂದು ತೋರಿಸಿದಳು. ಸರಿಯಾದ ಭಾಗಲಬ್ಧ ೬೭,೦೦,೪೧೭.

ಭಾಗಾಕಾರವಿಲ್ಲದೆಯೂ ಇದನ್ನು ಕಾಣಬಹುದು. ನಮ್ಮ ಸಂಖ್ಯೆ ೨ರ ೩೨ನೆಯ ಘಾತಕ್ಕೆ ೧ ಕೂಡಿಸಿದುದು. ೬೪೦ ಎಂದರೆ ೫ × ೧೨೮. ೧೨೮ ಎಂದರೆ ೨ರ ಏಳನೆಯ ಘಾತ. ಆದುದರಿಂದ ೬೪೦ರ ನಾಲ್ಕನೆಯ ಘಾತವು ೬೨೫ನ್ನು ೨ರ ೨೮ನೆಯ ಘಾತದಿಂದ ಗುಣಿಸಿದುದಕ್ಕೆ ಸಮ. ೬೨೫ರ ಬದಲು ೬೪೧ − ೧೬ ಎಂದು ಬರೆಯಿರಿ. ೧೬ ಎಂಬುದು ೨ರ ನಾಲ್ಕನೆಯ ಘಾತ. ಆಗ ೬೪೦ರ ನಾಲ್ಕನೆಯ ಘಾತವು ೬೪೧ರ ಒಂದು ಗುಣಕದಿಂದ ೨ರ ೩೨ನೆಯ ಘಾತವನ್ನು ಕಳೆದುದಾಗುವುದು. ಎಂದರೆ ನಮ್ಮ ಸಂಖ್ಯೆಯು ೬೪೧ರ ಆ ಗುಣಕದಿಂದ, ೬೪೦ರ ನಾಲ್ಕನೆಯ ಘಾತಕ್ಕೆ ಒಂದು ಕಡಿಮೆಯಾದುದನ್ನು ಕಳೆದಷ್ಟು. ಕಳೆಯುವ ಈ ಭಾಗವನ್ನು ಬೀಜಗಣಿತದಂತೆ ಬಿಡಿಸಿದರೆ ೬೩೯, ೬೪೧ ಮತ್ತು ೬೪೦ರ ವರ್ಗಕ್ಕೆ ಒಂದು ಕೂಡಿಸಿದುದು, ಇವುಗಳ ಗುಣಲಬ್ಧ. ಅಲ್ಲಿಯೂ ೬೪೧ ಕುಳಿತಿದೆ, ನೋಡಿರಿ.

ಸಾಲಿನ ಏಳನೆಯ ಸಂಖ್ಯೆಗೆ ಇಪ್ಪತ್ತು ಅಂಕಿಗಳು. ಅದರ ಭಾಜಕ ೨,೭೪,೧೭೭ನ್ನು ೧೮೮೦ರಲ್ಲಿ ಎಂಬತ್ತು ದಾಟಿದ ಲಾಂಡ್ರಿ ಎಂಬ ವೃದ್ಧನು ಕಂಡುಹಿಡಿದನು. ಗಣಕಯಂತ್ರಗಳ ಈ ಕಾಲದಲ್ಲಿಯೂ ಮೊದಲ ಐದರ ಬಳಿಕ ಈ ಸಾಲಿನಲ್ಲಿ ಮತ್ತೊಂದು ಅವಿಭಾಜ್ಯ ದೊರೆತಿಲ್ಲ. ಇರಲಾರದೆಂದು ಸಾಧಿಸಿದವರೂ ಇಲ್ಲ.